ಅಕ್ಕೋರ ಬಾಯಿಗೆ ಬಾರದ ಮಾತು

ಅಕ್ಕೋರ ಎರಡೂ ಕೈಗಳಲ್ಲಿ, ಮೊಣಕೈಯ ಸ್ವಲ್ಪ ಕೆಳಗೆ, ಕೆಂಪು ಗೆರೆಗಳು ಮೂಡಿರುತ್ತಿದ್ದವು. ಲ್ಯಾಬಿಗೆ ಕಾಲಿಡುವ ಮೊದಲು ಅವರು ಹಸಿರು ಗಾಜಿನ ಬಳೆಗಳನ್ನೆಲ್ಲ ಮೇಲಕ್ಕೆ ಸರಿಸಿ, ಹಳೆಯ ಧೋತರದ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದರು. ಬಳೆ ಯಾವುದಕ್ಕೂ ತಾಗಬಾರದು, ಜಾರಬಾರದು, ಸದ್ದು ಮಾಡಬಾರದು. ಸಂಜೆ ಪಟ್ಟಿ ಬಿಚ್ಚಿದಾಗ ಬಳೆ ಕೂತ ಜಾಗವೆಲ್ಲ ಕೆಂಪಾಗಿರುತ್ತಿತ್ತು. ಅಷ್ಟು ಕಷ್ಟ ಯಾಕೆ, ತೆಗೆದು ಮೇಜಿನ ಮೇಲಿಟ್ಟರಾಯಿತಲ್ಲ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

“ಬರೇ ಕೈಲೆ ಬೆಂಕಿ ಮುಂದ ನಿಂದ್ರು ಅಂತೀಯೇನು? ಮನ್ಯಾಗ ಅವರಿಗೆ ಎದಿ ಬ್ಯಾನಿ, ನೀ ಹಿಂತಾದ್ದು ಹೇಳ್ತಿ.”

ಬಳೆ ಒಡೆದರೂ ಅವರು ಒಡೆಯಿತು ಅನ್ನುತ್ತಿರಲಿಲ್ಲ. ‘ಬಳಿ ಹೆಚ್ಚಾತು’ ಅನ್ನುತ್ತಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳು ಅನ್ನುವುದೇ ಹಾಗೆ. ನಮ್ಮವ್ವನೂ ಹಾಗೇ ಅನ್ನುತ್ತಿದ್ದಳು. ಆದರೆ ನಮ್ಮವ್ವ ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತವಳು. ಅಕ್ಕೋರು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವರು, ಬಾಗಲಕೋಟೆಯ ನವನಗರದ ಕಾಲೇಜಿನಲ್ಲಿ ಪ್ರೊಫೆಸರು, ನನ್ನ ಸಂಶೋಧನೆಯ ಮಾರ್ಗದರ್ಶಕರು. ಅಕ್ಕೋರು ಅನ್ನುವುದು ನಮ್ಮಲ್ಲಿ ಸಾಲಿ ಕಲಿಸುವ ಹೆಂಗಸರಿಗೆ ಇರುವ ಹೆಸರು. ಅವರು ಮೊದಲು ಶಿರೂರಿನ ಶಾಲೆಯಲ್ಲಿ ಕಲಿಸುತ್ತಿದ್ದರಂತೆ. ಅಲ್ಲಿ ಕಲಿತ ಮಕ್ಕಳು ಕಾಲೇಜಿಗೆ ಬಂದಾಗಲೂ ಅಕ್ಕೋರ ಅಕ್ಕೋರ ಎಂದೇ ಕರೆದು, ಕಡೆಗೆ ಪ್ರಿನ್ಸಿಪಾಲರ ಬಾಯಲ್ಲೂ ಅದೇ ನಿಂತಿತು. ಮೇಡಂ ಎಂದು ಕರೆದವರಿಗೆ ಅವರು ಅರ್ಧ ಕ್ಷಣ ತಡವಾಗಿ ಓಗೊಡುತ್ತಿದ್ದರು.

ಅವರು ತೀರಿಕೊಂಡಾಗ ಕಾಲೇಜಿನಲ್ಲಿ ಸಭೆ ಮಾಡಿದರು. ಮಾತಾಡಿದವರೆಲ್ಲ ‘ಧೈರ್ಯವಂತ ಹೆಣ್ಣುಮಗಳು’, ‘ಬೆಂಕಿಯ ಜೊತೆ ಆಟವಾಡಿದವರು’ ಎಂದು ಒಂದೇ ಸಮನೆ ಹೊಗಳಿದರು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅಕ್ಕೋರಷ್ಟು ಅಂಜುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಗ್ಯಾಸ್ ಸಿಲಿಂಡರಿಗೆ ಅಂಜುತ್ತಿದ್ದರು, ಬಾಗಿಲು ಧಡ್ ಎಂದರೆ ಅಂಜುತ್ತಿದ್ದರು. ಬೆಕ್ಕು ಅಡ್ಡ ಹಾಯ್ದರೆ ನಿಂತು, ಬೇರೆ ಯಾರಾದರೂ ಮುಂದೆ ಹೋಗಲಿ ಎಂದು ಕಾಯುತ್ತಿದ್ದರು. ಅಮಾವಾಸ್ಯೆಯ ದಿನ ಹೊಸ ಸಿಲಿಂಡರು ಜೋಡಿಸುತ್ತಿರಲಿಲ್ಲ. ಶಾಸ್ತ್ರ ಓದಿ ಬಂದ ಅಂಜಿಕೆಯನ್ನೂ ಮನೆಯಿಂದ ಬಂದ ಅಂಜಿಕೆಯನ್ನೂ ಅವರು ಬೇರೆ ಬೇರೆ ಇಟ್ಟಿರಲೇ ಇಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು, ಇಲ್ಲವಾದರೆ ಆ ಅಂಜಿಕೆ ಯಾರಿಗೂ ತಿಳಿಯುವುದಿಲ್ಲ. ನಿಕ್ಕಲ್ ಲೋಹದ ಉಪ್ಪನ್ನು ಸಿಟ್ರಿಕ್ ಆಮ್ಲದ ಜೊತೆ ನೀರಿನಲ್ಲಿ ಕಲಸಿ ಕುದಿಸಿದರೆ ಹಸಿರು ಅಂಟು ಬರುತ್ತದೆ. ಅದನ್ನು ಒಣಗಿಸಿ, ಅರೆದು, ಪಿಂಗಾಣಿಯ ಪುಟ್ಟ ದೋಣಿಯಲ್ಲಿಟ್ಟು, ಉದ್ದನೆಯ ಕೊಳವೆಯೊಳಗೆ ಸರಿಸಿ, ಕೊಳವೆಯನ್ನು ವಿದ್ಯುತ್ ಕುಲುಮೆಯಲ್ಲಿ ಕೆಂಪಗೆ ಕಾಯಿಸುತ್ತಿದ್ದೆವು. ಒಳಗೆ ಗಾಳಿ ಇರಕೂಡದು. ಅದಕ್ಕೆ ಒಂದು ಕಡೆಯಿಂದ ಆರ್ಗಾನ್ ಅನಿಲವನ್ನೂ ಸ್ವಲ್ಪ ಹೈಡ್ರೋಜನ್ನನ್ನೂ ಬಿಡುತ್ತಿದ್ದೆವು. ಆ ಶಾಖದಲ್ಲಿ ಲೋಹ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆದು, ಆಮ್ಲದಲ್ಲಿದ್ದ ಇಂಗಾಲವನ್ನು ನುಂಗಿಕೊಳ್ಳುತ್ತದೆ. ನಿಧಾನವಾಗಿ ತಣ್ಣಗೆ ಮಾಡಿದರೆ ನುಂಗಿದ ಇಂಗಾಲವನ್ನು ಹೊರಗೆ ಹಾಕಿ, ಕಾದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಮೈತುಂಬ ಪದರ ಕಟ್ಟಿಕೊಳ್ಳುತ್ತದೆ. ಆ ಪದರಕ್ಕೆ ಗ್ರಾಫೀನ್ ಎನ್ನುವ ಹೆಸರು ಆಗಷ್ಟೇ ನಮ್ಮ ಕಡೆಯ ಕಾಲೇಜುಗಳಲ್ಲಿ ಕೇಳಿಬರತೊಡಗಿತ್ತು. ಅಕ್ಕೋರು ಮಾತ್ರ ಅದಕ್ಕೆ ಕೌದಿ ಅನ್ನುತ್ತಿದ್ದರು. ಹಳೆ ಸೀರೆ ಹೊಲಿದು ಮಾಡುವ ಕೌದಿ.

“ಕೌದಿ ಹೊದ್ದಾವೋ ಇಲ್ಲೋ, ಅದನ್ನ ಮೊದಲ ನೋಡು. ಹೊದ್ದಿದ್ರ ನಿನ್ನ ಮಾತು ಕೇಳತಾವು. ಇಲ್ಲಾಂದ್ರ ನಿನ್ನ ಸುಡತಾವು,” ಎಂದು ಅವರು ನನಗೆ ಹೇಳಿದ್ದು ಸೇರಿದ ಹೊಸತರಲ್ಲಿ. ನಾನು ಅದನ್ನು ಮಾತಿನ ಚಂದಕ್ಕೆ ಹೇಳಿದ್ದು ಅಂದುಕೊಂಡೆ. ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೆಟ್ಟುಹೋದ ಒಂದು ಸಲದ ಪುಡಿಯನ್ನು ಮುಚ್ಚಿದ ಶೀಶೆಯಿಂದ ಚೂರೇ ಚೂರು ಇಟ್ಟಿಗೆಯ ಮೇಲೆ ಸುರಿದರು. ಕಪ್ಪು ಪುಡಿ ಸುಮ್ಮನೆ ಕೂತಿತ್ತು. ಆಮೇಲೆ ಒಂದು ಅಂಚಿನಲ್ಲಿ ಕೆಂಪಾಯಿತು. ಆ ಕೆಂಪು ಯಾರೂ ಊದದೆ, ಯಾರೂ ಕಡ್ಡಿ ಗೀರದೆ, ಪುಡಿಯ ತುಂಬ ಹರಿದಾಡಿತು.

“ಇದಕ್ಕ ಕಡ್ಡಿ ಬ್ಯಾಡ. ಗಾಳಿ ಸಾಕು,” ಎಂದರು ಅಕ್ಕೋರು. ಹಾಗೆನ್ನುತ್ತಲೇ ನನ್ನನ್ನೂ ಎಳೆದುಕೊಂಡು ಹಿಂದಕ್ಕೆ ಸರಿದರು. ವರ್ಷಗಟ್ಟಲೆ ಈ ಕೆಲಸ ಮಾಡಿದವರೇ ಹೀಗೆ ಅಂಜುವುದನ್ನು ನೋಡಿ ನನಗೂ ಅಂಜಿಕೆ ಹತ್ತಿತು. ಅವತ್ತು ಇಳಕಲ್ಲಿನ ಬಸ್ಸು ಹತ್ತಿ, ಇನ್ನು ವಾಪಸು ಬರುವುದೇ ಬೇಡ ಎಂದು ಅಮೀನಗಡ ದಾಟುವವರೆಗೂ ಯೋಚಿಸಿದೆ. ಆದರೆ ನಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕಿದ ನೀರು ಗಟಾರದಲ್ಲಿ ಕೆಂಪಗೆ ಹರಿಯುವುದನ್ನು ನೋಡುತ್ತ ಬೆಳೆದವಳು ನಾನು. ಕೌದಿ ಹೊದ್ದ ಕಣಗಳನ್ನು ಆ ನೀರಿಗೆ ಹಾಕಿದರೆ ಬಣ್ಣವನ್ನು ಹೀರಿಕೊಳ್ಳುತ್ತವೆ, ಆಮೇಲೆ ಅಯಸ್ಕಾಂತದಿಂದ ಕಣಗಳನ್ನು ಎಳೆದು ತೆಗೆಯಬಹುದು ಎಂದು ಅಕ್ಕೋರು ಹೇಳಿದ್ದರು. ಆ ಆಸೆ ನನ್ನನ್ನು ಮರುದಿನ ಮತ್ತೆ ಕರೆತಂದಿತು.

ಅಂಜಿಕೆಯನ್ನು ಅವರು ಮುಚ್ಚಿಡುತ್ತಿರಲಿಲ್ಲ. ಅದು ನನಗೆ ಹಿಡಿಸಿದ ಗುಣ. ನನಗೆ ಹೆದರಿಕೆ ಆಗುತ್ತದೆ ಎಂದು ಹೇಳಿದಾಗ ಸಮಾಧಾನ ಮಾಡಲಿಲ್ಲ, ಖುಷಿಪಟ್ಟರು. “ಚೊಲೋ ಆತು. ಅಂಜಿಕಿ ಇದ್ದಾಕಿ ಎರಡ ಸಲ ನೋಡ್ತಾಳ,” ಎಂದರು. ಕೊಳವೆಯ ಬಾಯಿ ಬಿಚ್ಚುವ ಹೊತ್ತಿಗೆ ನಮ್ಮನ್ನೆಲ್ಲ ಬಾಗಿಲಾಚೆ ನಿಲ್ಲಿಸಿ, ತಾವೊಬ್ಬರೇ ಬಿಚ್ಚುತ್ತಿದ್ದರು. ಪುಡಿಯ ಒಂದು ಚಿಟಿಕೆಯನ್ನು ಆಮ್ಲಕ್ಕೆ ಹಾಕಿ ಬೆಳಕಿಗೆ ಹಿಡಿಯುತ್ತಿದ್ದರು. ಕೌದಿ ಇಲ್ಲದ ನಿಕ್ಕಲ್ ಗುಳ್ಳೆ ಬಿಟ್ಟು ಕರಗಿ ಆಮ್ಲವನ್ನು ಹಸಿರು ಮಾಡುತ್ತದೆ. ಹೊದ್ದದ್ದು ತಳದಲ್ಲಿ ಕಪ್ಪಗೆ ಸುಮ್ಮನೆ ಕೂತಿರುತ್ತದೆ. ಆಮ್ಲ ತಿಳಿಯಾಗೇ ಉಳಿದ ದಿನ ಅಕ್ಕೋರು ಬಾಗಿಲಿಗೆ ಬಂದು, “ಬರ್ರಿ, ಬರ್ರಿ, ಎಲ್ಲಾ ಹೊದ್ದು ಮಲಗ್ಯಾವು,” ಎಂದು ಕೂಸುಗಳ ಸುದ್ದಿ ಹೇಳಿದಂತೆ ಪಿಸುಗುಟ್ಟುತ್ತಿದ್ದರು.

ಇನ್ನು ದೀಪದ ವಿಷಯ. ಕೊಳವೆಯ ಆಚೆ ತುದಿಯಿಂದ ಹೊರಬರುವ ಹೈಡ್ರೋಜನ್ ಕೋಣೆಯಲ್ಲಿ ತುಂಬಿಕೊಂಡರೆ ಒಂದು ಕಿಡಿಗೆ ಕೋಣೆಯೇ ಹಾರಿಹೋಗುತ್ತದೆ. ಅದಕ್ಕೆ ಅನಿಲವನ್ನು ಎಣ್ಣೆಯ ಶೀಶೆಯೊಂದರಲ್ಲಿ ಗುಳುಗುಳು ಎನಿಸಿ, ಸಣ್ಣ ಮೂತಿಯಿಂದ ಹೊರಗೆ ಬಿಟ್ಟು, ಅಲ್ಲೇ ಹಚ್ಚಿಬಿಡುತ್ತಿದ್ದೆವು. ಹೈಡ್ರೋಜನ್ನಿನ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಕ್ಕೋರು ಆ ಮೂತಿಗೆ ಉಪ್ಪಿನ ನೀರು ಸವರುತ್ತಿದ್ದರು, ಆಗ ಹಳದಿಯಾಗಿ ಕಾಣುತ್ತಿತ್ತು. ಅದನ್ನು ದೀಪ ಎಂದೇ ಕರೆಯುತ್ತಿದ್ದೆವು. ಕೆಲಸ ಮುಗಿದ ಮೇಲೆ ಹೈಡ್ರೋಜನ್ ನಿಲ್ಲಿಸಬೇಕು, ಆಗ ದೀಪ ತಾನಾಗಿ ಹೋಗುತ್ತದೆ, ಆರ್ಗಾನ್ ಮಾತ್ರ ಸ್ವಲ್ಪ ಹೊತ್ತು ಹರಿದು ಕೊಳವೆಯನ್ನು ತೊಳೆಯುತ್ತದೆ, ಆಮೇಲೆ ಬಾಯಿ ಬಿಚ್ಚುವುದು. ಹಾಗೆ ನಿಲ್ಲಿಸುವ ಹೊತ್ತಿಗೆ ಅಕ್ಕೋರು ನನಗೆ ಹೇಳುತ್ತಿದ್ದ ಮಾತು:

“ಅವ್ವಿ, ದೀಪ ದೊಡ್ಡದ ಮಾಡು.”

ಮನೆಯಲ್ಲಿ ದೇವರ ಮುಂದಿನ ದೀಪವನ್ನು ಹಿರಿಯರು ಆರಿಸು ಅನ್ನುವುದಿಲ್ಲ. ಆರಿತು ಅನ್ನುವ ಮಾತು ಮನೆಯ ಮೇಲೇ ಬಂದೀತು ಎಂಬ ಅಂಜಿಕೆ. ಅದಕ್ಕೆ ದೊಡ್ಡದು ಮಾಡು ಅನ್ನುತ್ತಾರೆ, ಕೇಳಿದವರು ಸುಮ್ಮನೆ ಆರಿಸುತ್ತಾರೆ. ನಾನೂ ಅಂಥ ಮನೆಯವಳೇ ಆದ್ದರಿಂದ ಅಕ್ಕೋರು ಹಾಗಂದಾಗೆಲ್ಲ ಹೋಗಿ ಹೈಡ್ರೋಜನ್ ನಿಲ್ಲಿಸುತ್ತಿದ್ದೆ. ನಮ್ಮಿಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಅಕ್ಕೋರ ಯಜಮಾನರು ಬಾದಾಮಿ ಸ್ಟೇಶನ್ನಿನಲ್ಲಿ ಟಿಕೀಟು ಕೊಡುವ ಕೆಲಸದಲ್ಲಿದ್ದು, ಎದೆನೋವು ಬಂದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಹಳೆ ಬಾಗಲಕೋಟೆಯಲ್ಲಿದ್ದ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ನವನಗರದಲ್ಲಿ ಕಾಲೇಜಿನ ಹತ್ತಿರವೇ ಮನೆ ಮಾಡಿದ್ದರು. ಯಜಮಾನರು ಕೆಲವು ದಿನ ನಿಧಾನವಾಗಿ ನಡೆದುಕೊಂಡು ಬಂದು ಬುತ್ತಿ ಕೊಟ್ಟು, ನಮ್ಮ ಜೊತೆ ಚಹ ಕುಡಿದು ಹೋಗುತ್ತಿದ್ದರು. ಹೆಂಡತಿಯನ್ನು ಕಾಡಿಸುವುದೆಂದರೆ ಅವರಿಗೆ ಬಲು ಇಷ್ಟ.

“ಚಾ ಕುಡಿ, ಆರಾಕತ್ತೈತಿ,” ಅನ್ನುವರು.

ಅಕ್ಕೋರು ಮುಖ ಸಿಂಡರಿಸಿ, “ತಣ್ಣಗಾಗಾಕತ್ತೈತಿ ಅನ್ರಿ,” ಅನ್ನುವರು.

“ನೋಡವಾ ತಂಗಿ, ಸಾವಿರ ಡಿಗ್ರಿ ಕುಲುಮಿ ಹಚ್ಚೋ ನಿಮ್ಮ ಅಕ್ಕೋರಿಗೆ ಆರೂದು ಅನ್ನೋ ಮಾತು ಅಂದ್ರ ಜೀವಾ ಹೋಗತೈತಿ.” ಅವರು ನನ್ನ ಕಡೆ ತಿರುಗಿ ಹೇಳಿ ಹೊಟ್ಟೆ ಹಿಡಿದುಕೊಂಡು ನಗುವರು. ಅಕ್ಕೋರು ನಗುತ್ತಿರಲಿಲ್ಲ. ಅವರು ಗಂಡನ ಎದೆಯ ಮೇಲೆ ಕಣ್ಣಿಟ್ಟು, ನಗುವಾಗ ಉಸಿರು ಹೇಗೆ ಏರುತ್ತಿದೆ ಎಂದು ನೋಡುತ್ತಿದ್ದರು. ನಿಜವಾಗಿ ಅವರ ಅಂಜಿಕೆಗಳೆಲ್ಲ ಆ ಒಂದು ಎದೆಯ ಸುತ್ತಲೇ ಇದ್ದವು. ಆ ಮನುಷ್ಯ ಹೋದರೆ ತಮಗೆ ಯಾರೂ ಇಲ್ಲ ಎಂದು ಒಂದು ದಿನ ಬಾಯಿಬಿಟ್ಟು ಹೇಳಿದ್ದರು.

ನನ್ನ ಸಂಶೋಧನೆ ಅರ್ಧ ಮುಗಿದಿದ್ದಾಗ ಮೈಸೂರು ಕಡೆಯ ಒಬ್ಬ ಹುಡುಗ ಸಂಶೋಧನೆಗೆ ಸೇರಿದ. ಮಿತಭಾಷಿ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ದೂರದಿಂದ ಬಂದವನೆಂದು ಅಕ್ಕೋರು ಅವನನ್ನು ರೀ ಹಚ್ಚಿ ಮಾತಾಡಿಸುತ್ತಿದ್ದರು. ನಮ್ಮ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದ. ಮೊದಲ ಕೆಲವು ತಿಂಗಳು ಅವನು ಪುಡಿ ತೊಳೆಯುವ ಕೆಲಸದಲ್ಲೇ ಇದ್ದುದರಿಂದ ಸಿಲಿಂಡರಿನ ಕಡೆ ಬಂದಿರಲಿಲ್ಲ.

ಅದು ಬೇಸಿಗೆ. ಬೆಳಗಿನಿಂದ ತಣ್ಣಗಾಗುತ್ತಿದ್ದ ಕುಲುಮೆಯನ್ನು ಮಧ್ಯಾಹ್ನದ ಊಟಕ್ಕೆ ಮೊದಲು ಬಿಚ್ಚುವುದೆಂದು ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಕೊಳವೆಬತ್ತಿ ನಿಂತಿತು, ಕುಲುಮೆಯ ಶಾಖ ತೋರಿಸುವ ಅಂಕಿಗಳೂ ಹೋದವು. ನಮ್ಮಲ್ಲಿ ಕರೆಂಟು ಹೋಗುವುದು ಬರುವುದು ದಿನದ ಮಾತೇ ಆದ್ದರಿಂದ ಯಾರೂ ಫ್ಯಾನು ಬತ್ತಿಗಳ ಗುಂಡಿ ಬಂದ್ ಮಾಡುವ ಗೋಜಿಗೆ ಹೋಗಲಿಲ್ಲ. ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಗೆ ದೀಪ ಅಲುಗಾಡುತ್ತದೆ ಎಂದು ಕಿಟಕಿಗಳನ್ನು ಯಾವಾಗಲೂ ಹಾಕಿಯೇ ಇರುತ್ತಿದ್ದೆವು. ಅಕ್ಕೋರು ಕೊಳವೆಯ ಹತ್ತಿರ ಅಂಗೈ ಹಿಡಿದು ನೋಡಿ, ಸಾಕು ಎಂದರು. ನಾನು ಮೂಲೆಯ ತೊಟ್ಟಿಯಲ್ಲಿ ಆಮ್ಲದ ಪಾತ್ರೆಗಳನ್ನು ತೊಳೆಯುತ್ತಿದ್ದೆ. ಸಿಲಿಂಡರಿನ ಹತ್ತಿರ ನಿಂತಿದ್ದವನು ಆ ಹುಡುಗ.

“ದೀಪ ದೊಡ್ಡದ ಮಾಡ್ರಿ,” ಎಂದರು ಅಕ್ಕೋರು. ಹಾಗೆಂದು ಬಾಗಿಲ ಹತ್ತಿರದ ಕುರ್ಚಿಗೆ ಹೋಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತರು.

ನನಗೂ ಕೇಳಿಸಿತು. ದಿನಾ ಕೇಳುವ ಮಾತು, ತಿರುಗಿ ನೋಡಲಿಲ್ಲ. ಒಂದು ಸಣ್ಣ ‘ಪಟ್’ ಸದ್ದಾಯಿತು. ಆಮೇಲೆ ಅವನ ದನಿ: “ಮೇಡಂ, ದೀಪ ಆರಿಹೋಯ್ತು.”

ಆ ಮಾತು ಕಿವಿಗೆ ಬಿದ್ದೊಡನೆ ಅಕ್ಕೋರು, ಅದು ಮನೆಗೆ ತಾಗದಿರಲೆಂದು ನೆಟಿಗೆ ಮುರಿದರು. “ಇರಲಿ ಬಿಡ್ರಿ, ಹಂಗ ಆಗಬೇಕು,” ಎಂದರು. ಅವನು ಪುಡಿ ತೊಳೆಯುವ ಮೇಜಿಗೆ ವಾಪಸಾದ.

ಅವನು ಹೈಡ್ರೋಜನ್ನನ್ನು ಜಾಸ್ತಿ ಮಾಡಿದ್ದ. ದೊಡ್ಡದು ಮಾಡಿ ಅಂದರೆ ದೊಡ್ಡದು ಮಾಡಿದ್ದ. ಅನಿಲ ರಭಸದಿಂದ ನುಗ್ಗಿದಾಗ ಜ್ವಾಲೆ ಮೂತಿ ಬಿಟ್ಟು ಹಾರಿ ಆರಿಹೋಗಿತ್ತು. ಆರಿಹೋಯ್ತು ಎಂದು ಅವನು ಪ್ರಾಮಾಣಿಕವಾಗಿ ಹೇಳಿದ್ದನ್ನು ಅಕ್ಕೋರು, ಹೈಡ್ರೋಜನ್ ನಿಲ್ಲಿಸಿದ್ದಕ್ಕೆ ಆರಿತು ಎಂದು ತಿಳಿದರು. ಅನಿಲ ಮಾತ್ರ ಹರಿಯುತ್ತಲೇ ಇತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದ್ದರಿಂದ ಅದು ನೇರ ಚಾವಣಿಗೆ ಏರಿ ಅಲ್ಲಿ ತುಂಬಿಕೊಳ್ಳುತ್ತದೆ. ನಮ್ಮ ಚಾವಣಿಯಲ್ಲಿ ಫ್ಯಾನೂ ಕೊಳವೆಬತ್ತಿಯೂ ಇದ್ದವು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕೋರು ಎದ್ದು, ಬಾಯಿ ಬಿಚ್ಚುವ ಮೊದಲು ಎಂದಿನಂತೆ ಎಣ್ಣೆಯ ಶೀಶೆಗೆ ಕಿವಿ ಕೊಟ್ಟರು. ನಾನು ತೊಟ್ಟಿಯಿಂದ ಅವರನ್ನು ನೋಡುತ್ತಿದ್ದೆ. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಶೀಶೆ ಗುಳುಗುಳು ಅನ್ನುತ್ತಿರಲಿಲ್ಲ, ಕೊತಕೊತ ಕುದಿಯುತ್ತಿತ್ತು.

“ಎಲ್ಲಾರೂ ಹೊರಗ ನಡೀರಿ. ಏನೂ ಮುಟ್ಟಬ್ಯಾಡ್ರಿ. ಓಡಬ್ಯಾಡ್ರಿ.” ದನಿ ಬಹಳ ಸಣ್ಣದಾಗಿತ್ತು.

ಹೊರಗೆ ವರಾಂಡದಲ್ಲಿ ಅವರು ಹುಡುಗನ ತೋಳು ಹಿಡಿದು ಕೇಳಿದರು. “ನೀವು ಏನ ಮಾಡಿದ್ರಿ?”

“ಹೈಡ್ರೋಜನ್ ಜಾಸ್ತಿ ಮಾಡ್ದೆ ಮೇಡಂ. ದೀಪ ದೊಡ್ಡದು ಮಾಡಿ ಅಂದ್ರಲ್ಲ ನೀವು.”

ಅಕ್ಕೋರು ಅವನ ತೋಳು ಬಿಟ್ಟರು. ಬಾಗಿಲಿನಿಂದ ಚಾವಣಿಯ ಕಡೆ ನೋಡಿದರು. ನಾನೂ ನೋಡಿದೆ, ಆಗ ನನಗೂ ತಿಳಿಯಿತು. ಕೋಣೆಯ ಗುಂಡಿಗಳೆಲ್ಲ ಹಾಕಿಯೇ ಇದ್ದವು. ಕರೆಂಟು ಬಂದ ಕ್ಷಣ ಕೊಳವೆಬತ್ತಿ ಪಕಪಕ ಎಂದು ಕಿಡಿ ಹಾರಿಸಿ ಹತ್ತುತ್ತದೆ. ಕರೆಂಟು ಯಾವಾಗ ಬರುತ್ತದೆ ಎಂದು ಬಾಗಲಕೋಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಮೇನ್ ಬಂದ್ ಮಾಡಸು, ಲಗೂನ ಹೋಗು,” ಎಂದು ನನ್ನನ್ನು ನೂಕಿದರು. ಮೇನ್ ಸ್ವಿಚ್ಚಿನ ಪೆಟ್ಟಿಗೆ ವರಾಂಡದ ಕೊನೆಯಲ್ಲಿತ್ತು. ಅದಕ್ಕೆ ಬೀಗ. ಕೀಲಿ ಕಾಲೇಜಿನ ಸಿಪಾಯಿಯ ಹತ್ತಿರ, ಸಿಪಾಯಿ ಊಟಕ್ಕೆ ಹೋಗಿದ್ದ. ನಾನು ಬೀಗವನ್ನು ಹಿಡಿದು ಎಳೆದೆ, ಕೂಗಿದೆ, ಮತ್ತೆ ಓಡಿ ಬಂದೆ. ಅಷ್ಟರಲ್ಲಿ ಅಕ್ಕೋರು ಚಪ್ಪಲಿ ಕಳಚುತ್ತಿದ್ದರು. ಚಪ್ಪಲಿಯ ಮೊಳೆ ನೆಲಕ್ಕೆ ತಾಗಿ ಕಿಡಿಯಾದರೆ ಎಂಬ ಅಂಜಿಕೆ.

“ಅಕ್ಕೋರ, ಬ್ಯಾಡ್ರಿ. ಬಾಗಲಾ ತೆರದೈತಿ, ತಾನ ಹೋಗ್ಲಿ,” ಎಂದು ನಾನು ಅವರ ಸೆರಗು ಹಿಡಿದೆ.

“ಸಿಲಿಂಡರ್ ತುಂಬಿದ್ದೈತಿ. ಹರೀತನ ಇರತೈತಿ. ಬಾಜೂಕ ಹುಡುಗ್ರು ಪರೀಕ್ಷಾ ಬರ್ಯಾಕತ್ತಾರ.” ಸೆರಗು ಬಿಡಿಸಿಕೊಂಡು, ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಒಳಗೆ ಹೋದರು. ಹೋಗುವಾಗ ಅವರ ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸಿತು. ಇದನ್ನೇ ನಾನು ಆ ಸಭೆಯಲ್ಲಿ ಹೇಳಬೇಕೆಂದಿದ್ದದ್ದು.

ನಾನು ಹುಡುಗನನ್ನು ಪಕ್ಕದ ಕೋಣೆಗೆ ಓಡಿಸಿದೆ, ಪರೀಕ್ಷೆ ಬರೆಯುವವರನ್ನು ಹೊರಗೆ ಕಳಿಸಲು. ನಾನೂ ಹೋಗಬೇಕಿತ್ತು. ಹೋಗಲಿಲ್ಲ. ಕಿಟಕಿಯ ಗಾಜಿನಾಚೆ ಅಕ್ಕೋರು ಕಾಣುತ್ತಿದ್ದರು. ಸಿಲಿಂಡರಿನ ತಲೆಯ ಮೇಲಿನ ಗಾಲಿಯನ್ನು ಎರಡೂ ಕೈಯಿಂದ ತಿರುಗಿಸುತ್ತಿದ್ದರು, ಅದು ಮುಗಿಯುವಂತೆಯೇ ಇರಲಿಲ್ಲ. ಆಮೇಲೆ ಕಿಟಕಿಗಳ ಕಡೆ ಬಂದರು. ವರ್ಷಗಟ್ಟಲೆ ತೆರೆಯದ ಚಿಲಕಗಳು ಬಿಗಿದಿದ್ದವು. ಸುತ್ತಿಗೆ ಅಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಅಂಗೈಯಿಂದ ಗುದ್ದಿದರು. ನನ್ನ ಕಿವಿಯೆಲ್ಲ ಆಚೆ ರಸ್ತೆಯಲ್ಲಿತ್ತು, ಎಲ್ಲಿಯಾದರೂ ಹಿಟ್ಟಿನ ಗಿರಣಿ ಶುರುವಾದ ಸದ್ದು ಕೇಳಿತೇ ಎಂದು. ಗಿರಣಿ ಶುರುವಾದರೆ ಕರೆಂಟು ಬಂತು ಎಂದು ಅರ್ಥ. ಆ ಹೊತ್ತಿನಲ್ಲಿ ನನಗೆ ಬಂದಷ್ಟು ಹೆದರಿಕೆ ಹೆರಿಗೆಯ ಕೋಣೆಯಲ್ಲೂ ಬರಲಿಲ್ಲ.

ಒಂದು ಕಿಟಕಿ ತೆರೆಯಿತು. ಮತ್ತೊಂದು ತೆರೆಯಿತು. ಅಕ್ಕೋರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನಾನೂ ಅಷ್ಟರಲ್ಲಿ ವಾಪಸು ಬಂದಿದ್ದ ಹುಡುಗನೂ ಅವರನ್ನು ಎರಡೂ ಕಡೆ ಹಿಡಿದು ಬೇವಿನ ಗಿಡದ ತನಕ ನಡೆಸಿದೆವು. ಅಲ್ಲಿ ಅವರು ಕೂತು, ನೀರು ಕೇಳಿ, ಕುಡಿದ ನೀರನ್ನೆಲ್ಲ ವಾಂತಿ ಮಾಡಿದರು. ಹಿನ್ನೀರಿನ ಗಾಳಿ ಕೋಣೆಯ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ಪಟಪಟ ಹೊಡೆದುಕೊಳ್ಳುತ್ತಿತ್ತು. ತುಸು ಹೊತ್ತಿಗೆ ಕರೆಂಟು ಬಂತು. ಕೊಳವೆಬತ್ತಿ ಹತ್ತಿತು, ಫ್ಯಾನು ತಿರುಗಿತು. ನಾವು ಮೂವರೂ ಬೇವಿನ ಗಿಡದ ಕೆಳಗಿನಿಂದ ಆ ಫ್ಯಾನು ತಿರುಗುವುದನ್ನೇ ನೋಡುತ್ತ ಕೂತೆವು.

ಹುಡುಗ ಅಳುತ್ತಿದ್ದ. ಅಕ್ಕೋರು ಅವನ ಬೆನ್ನ ಮೇಲೆ ಕೈಯಿಟ್ಟರು. “ನೀವು ಅಳಬ್ಯಾಡ್ರಿ. ನಾ ಅಂದದ್ದನ್ನ ನೀವು ಮಾಡೀರಿ. ನಾ ಒಂದು ಅಂದೆ, ನನ್ನ ಮನಸ್ಸಿನ್ಯಾಗ ಒಂದಿತ್ತು.”

ಅವತ್ತಿನಿಂದ ಅವರು ಹೊಸ ಕಟ್ಟಳೆ ಮಾಡಿದರು. ಒಬ್ಬರು ಸಿಲಿಂಡರಿನ ಹತ್ತಿರ ನಿಂತು ‘ಹೈಡ್ರೋಜನ್ ಬಂದ್’ ಎಂದು ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬರು ದೀಪದ ಮುಂದೆ ನಿಂತು, ಅದು ಹೋದದ್ದನ್ನು ಕಣ್ಣಾರೆ ನೋಡಿ, ‘ದೀಪ ಆರಿತು’ ಎಂದು ಗಟ್ಟಿಯಾಗಿ ಹೇಳಬೇಕು. ಎರಡೂ ಮಾತು ಕೇಳಿದ ಮೇಲೆ ಮುಂದಿನ ಕೆಲಸ. ನನಗೆ ಅವರ ಸಂಕಟ ಗೊತ್ತಿತ್ತಲ್ಲ, ಬಂದ್ ಎಂಬ ಮಾತೊಂದೇ ಸಾಲದೇ ಅಂದೆ.

“ಸಾಲೂದಿಲ್ಲ. ಬಂದ್ ಮಾಡಿದ್ದು ಖರೆ ಬಂದ್ ಆಗೈತೋ ಇಲ್ಲೋ, ದೀಪಾನ ಹೇಳಬೇಕು. ಕಣ್ಣಿಗೆ ಕಂಡದ್ದನ್ನ ಬಾಯಿಲೆ ಅನ್ನಬೇಕು. ಇಷ್ಟ ದಿನಾ ನಾ ತಿರುಗಾಮುರುಗಾ ಅಂದೆ, ನೀವು ಸಾಯತಿದ್ರಿ.”

ದೀಪದ ಮುಂದಿನ ಜಾಗ ಅವರದೇ. ಮುಂದಿನ ಸಲ ಹುಡುಗ ‘ಹೈಡ್ರೋಜನ್ ಬಂದ್’ ಎಂದು ಕೂಗಿದ. ಹಳದಿ ಜ್ವಾಲೆ ಸಣ್ಣದಾಗಿ, ಮೂತಿಯ ಒಳಗೆ ಸೇರಿ, ಹೋಯಿತು. ಅಕ್ಕೋರು ಬಾಯಿ ತೆರೆದರು, ಮಾತು ಬರಲಿಲ್ಲ. ನಾವು ಕಾಯ್ದೆವು. ಕಡೆಗೆ ಕಣ್ಣು ಮುಚ್ಚಿಕೊಂಡು “ದೀಪ ಆರಿತು” ಎಂದರು, ಹೇಳಿದ ಮೇಲೆ ನೆಟಿಗೆ ಮುರಿದರು. ಆ ದಿನ ಪುಡಿಯನ್ನು ಆಮ್ಲಕ್ಕೆ ಹಾಕಿ ನೋಡುವ ಕೆಲಸವನ್ನು ನನಗೇ ಬಿಟ್ಟು ಅವಸರದಲ್ಲಿ ಮನೆಗೆ ಹೋದರು. ಮುಂದೆಯೂ ಪ್ರತಿ ಸಲ ಅಷ್ಟೇ ಕಷ್ಟಪಟ್ಟೇ ಹೇಳಿದರು. ರೂಢಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಯಜಮಾನರು ಹೋದರು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಹೇಳಲು ನಾಲಗೆ ಬರುವುದಿಲ್ಲ, ಅವತ್ತು ಬೆಳಿಗ್ಗೆ ನಾವು ಕುಲುಮೆ ಬಿಚ್ಚಿದ್ದೆವು. ಅಕ್ಕೋರು ಆ ಮಾತು ಹೇಳಿದ್ದರು.

ಮಣ್ಣು ಮಾಡಿ ಎಲ್ಲರೂ ಹೋದ ಮೇಲೆ ಒಂದು ದಿನ ಮಾತಾಡಿಸಲು ಹೋದೆ. ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ಬಳೆ ಇರಲಿಲ್ಲ. ನನ್ನನ್ನು ಹತ್ತಿರ ಕೂಡಿಸಿಕೊಂಡು, ಬೇರೆ ಯಾರೂ ಕೇಳಬಾರದೆಂಬಂತೆ ಕೇಳಿದರು.

“ಅವ್ವಿ, ನೀ ಸೈನ್ಸ್ ಓದಿದಾಕಿ. ಖರೆ ಹೇಳು. ನಾ ಅಂದಿದ್ದಕ್ಕ ಹಿಂಗಾತೇನು?”

“ಇಲ್ರಿ ಅಕ್ಕೋರ. ಅವರಿಗೆ ಮೊದಲಿಂದ ಎದಿ ಬ್ಯಾನಿ ಇತ್ತಲ್ರಿ,” ಎಂದೆ. ಹೇಳುವಾಗ ನನ್ನ ದನಿ ನನಗೇ ಪರಕೀಯವಾಗಿತ್ತು. ನಾನೂ ಇಳಕಲ್ಲಿನ ಆ ಮನೆಯಲ್ಲೇ ಹುಟ್ಟಿದವಳು. ನನ್ನೊಳಗೂ ಯಾರೋ ಅದೇ ಪ್ರಶ್ನೆ ಕೇಳುತ್ತಿದ್ದರು.

“ನನಗೂ ಗೊತ್ತೈತಿ,” ಎಂದರು ಅಕ್ಕೋರು. “ಗೊತ್ತಿದ್ರೂ ಕೇಳಬೇಕನಸ್ತು.”

ಅವರು ಇನ್ನು ಲ್ಯಾಬಿಗೆ ಬರುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಬಂದರೂ ಆ ಕಟ್ಟಳೆ ಬಿಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಬಂದರು. ಬಂದ ವಾರವೇ ಕುಲುಮೆ ಹಚ್ಚಿಸಿದರು. ನನಗೆ ಆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಗಂಡನದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಬಿಚ್ಚುವ ಹೊತ್ತು ಹತ್ತಿರ ಬಂದಂತೆ ನನಗೆ ಅಕ್ಕೋರ ಮುಖ ನೋಡಲಾಗಲಿಲ್ಲ. ನಾನೇ ಹೋಗಿ ದೀಪದ ಮುಂದೆ ನಿಂತೆ.

“ಅಕ್ಕೋರ, ನೀವು ಕುಂದ್ರಿ. ಇನ್ನ ಮ್ಯಾಲೆ ಇದನ್ನ ನಾ ಅಂತೇನಿ.”

ಅವರು ಎದ್ದು ಬಂದು, ನನ್ನ ಎರಡೂ ಭುಜ ಹಿಡಿದು, ನನ್ನನ್ನು ಅಲ್ಲಿಂದ ಪಕ್ಕಕ್ಕೆ ಸರಿಸಿದರು.

“ಬ್ಯಾಡವಾ. ನಿನ್ನ ಮನ್ಯಾಗ ಗಂಡ ಅದಾನ. ನಾ ಅಂದ್ರ ಇನ್ನ ಯಾರಿಗೇನ ಆಗೂದೈತಿ?”

ಹುಡುಗ ‘ಹೈಡ್ರೋಜನ್ ಬಂದ್’ ಎಂದ. ಜ್ವಾಲೆ ಹೋಯಿತು. ಅಕ್ಕೋರು ಅದನ್ನು ನೋಡುತ್ತಲೇ “ದೀಪ ಆರಿತು” ಎಂದರು. ಅವತ್ತು ಕಣ್ಣು ಮುಚ್ಚಲಿಲ್ಲ, ನೆಟಿಗೆ ಮುರಿಯಲಿಲ್ಲ. ನಾನು ತೊಟ್ಟಿಯ ಹತ್ತಿರ ಹೋಗಿ, ನೀರು ಬಿಟ್ಟುಕೊಂಡು ಅತ್ತೆ.

ನಿವೃತ್ತಿಯಾಗುವ ತನಕ ಆ ಜಾಗವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಆಮೇಲೆ ಸೇರಿದ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಅವರಿರುವಾಗ ಆ ಮಾತು ಹೇಳಬೇಕಾಗಿ ಬರಲಿಲ್ಲ. ಯಾಕೆ ಅಕ್ಕೋರೇ ಅಲ್ಲಿ ನಿಲ್ಲುತ್ತಾರೆ ಎಂದು ಅವರಿಗೆ ಗೊತ್ತೂ ಇರಲಿಲ್ಲ, ಹಟ ಅಂದುಕೊಂಡಿದ್ದರು. ನಿವೃತ್ತಿಯಾಗಿ ಮನೆಗೆ ಹೋದ ಕೆಲವೇ ದಿನಕ್ಕೆ ಅಕ್ಕೋರು ಜ್ವರ ಬಂದು, ದವಾಖಾನೆಗೆ ಸೇರಿ, ಅಲ್ಲೇ ತೀರಿಕೊಂಡರು. ನಾನು ಕಡೆಯ ಸಲ ನೋಡಿದಾಗ ಅವರಿಗೆ ಮಾತು ನಿಂತಿತ್ತು.

ಈಗ ಅದೇ ಲ್ಯಾಬಿನ ಹೊಣೆ ನನ್ನದು. ಅವರು ಹೋದ ಮೇಲೆ ಮೊದಲ ಸಲ ಕುಲುಮೆ ಬಿಚ್ಚುವ ದಿನ, ದೀಪದ ಮುಂದೆ ಯಾರು ನಿಲ್ಲಬೇಕೆಂದು ಹುಡುಗಿಯರು ನನ್ನ ಮುಖ ನೋಡಿದರು. ಒಬ್ಬಳ ಕೊರಳಲ್ಲಿ ತಾಳಿಯ ಅರಿಶಿನ ಇನ್ನೂ ಹಸಿಯಾಗಿತ್ತು. ನಾನು ಹೋಗಿ ನಿಂತೆ. ಅಂದಿನಿಂದ ಪ್ರತಿ ಸಲ ನಾನೇ ನಿಲ್ಲುತ್ತೇನೆ, ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ವರಾಂಡಕ್ಕೆ ಬಂದು ಇಳಕಲ್ಲಿಗೆ, ಗಂಡನ ಅಂಗಡಿಗೆ ಫೋನು ಮಾಡಿ, “ಊಟ ಆತೇನ್ರಿ?” ಎಂದು ಕೇಳುತ್ತೇನೆ. ಇಷ್ಟು ಲಗೂ ಯಾರ ಊಟ ಮಾಡ್ತಾರ ಎಂದು ಅವರು ಪ್ರತಿ ಸಲ ಬೈಯುತ್ತಾರೆ. ಅವರು ಬೈಯುವ ತನಕ ನಾನು ಉಸಿರು ಹಿಡಿದು ನಿಂತಿರುತ್ತೇನೆ.